ಅಸ್ಥಿಮರಣವೂ ಕೇದಾರೀಕುಲ್ಯಾನ್ಯಾಯವೂ

ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯು ಮಲಪ್ರಭಾ ನದಿಯ ದಂಡೆಯ ಮೇಲಿರುವ ಊರು. ಗಂಗಾಂಬಿಕೆಯ ಐಕ್ಯಸ್ಥಾನವೆಂದು ಪ್ರಸಿದ್ಧವಾದ ಮಂಟಪವು ಅಲ್ಲಿಯ ಹೊಳೆಯಲ್ಲಿಯೇ ಇದೆ. ಸುತ್ತಣ ಭೂಮಿಯು ಕಬ್ಬಿನ ಬೆಳೆಗೆ ಹೆಸರಾದುದು. ಹೊಳೆಯಿಂದ ಮೇಲೆತ್ತಿದ ನೀರು ಮಡಿಯಿಂದ ಮಡಿಗೆ ಹರಿಯುವ ಕ್ರಮವನ್ನು ಅಲ್ಲಿಯ ಒಕ್ಕಲಿಗನು ಯಾವ ಗ್ರಂಥದ ಸಹಾಯವೂ ಇಲ್ಲದೆ ಬಲ್ಲನು. ನಡುವಣ ಮಡಿಗಳಿಗೆ ಒಂದು ಕಾಲುವೆ ಕೈಕೊಟ್ಟರೂ ನೆರೆಯ ಮಡಿಯ ತೇವವು ಒದಗುವುದು. ಎಲ್ಲಕ್ಕೂ ಆಚೆಯದಾಗಿ, ಎತ್ತರದಲ್ಲಿದ್ದು, ಒಂದೇ ಸಣ್ಣ ಕಾಲುವೆಯನ್ನು ನಂಬಿದ ಮಡಿಯಾದರೋ, ಆ ಕಾಲುವೆ ಕಟ್ಟಿದ ದಿನವೇ ಅದರ ಸಂಕಟವು ಮೊದಲಾಗುವುದು. ಆದರೆ ಬೆಳೆಯು ಒಣಗಿದುದು ಕಣ್ಣಿಗೆ ಕಾಣುವುದು ಅನೇಕ ದಿನಗಳ ಮೇಲೆ.

ಶರೀರದ ಧಾತುಗಳು ಹೇಗೆ ಪೋಷಿತವಾಗುತ್ತವೆ ಎಂಬ ವಿಚಾರದಲ್ಲಿ ಆಯುರ್ವೇದಾಚಾರ್ಯರು ಇದೇ ದೃಷ್ಟಾಂತವನ್ನು ಹಿಡಿದಿರುವರು. ಚರಕಸಂಹಿತೆಯ ವ್ಯಾಖ್ಯಾನದಲ್ಲಿ ಚಕ್ರಪಾಣಿದತ್ತನು ಚರ್ಚಿಸುವ ಮೂರು ನ್ಯಾಯಗಳಲ್ಲಿ ಹಾಲು ಮೊಸರಾಗುವಂತೆ ಒಂದು ಧಾತುವೇ ಇನ್ನೊಂದಾಗುವುದೆಂಬುದು ಒಂದು. ಕಣದ ಕಾಳಿಗೆ ಪಾರಿವಾಳಗಳು ಬೇರೆಬೇರೆಯಾಗಿ ಬಂದಿಳಿಯುವಂತೆ ಎಂಬುದು ಮತ್ತೊಂದು. ಕಾಲುವೆಯ ನೀರು ಹೊಲಗಳನ್ನು ಒಂದರ ಮೇಲೊಂದರಂತೆ ನೆನೆಸುವುದೆಂಬ ಕೇದಾರೀಕುಲ್ಯಾನ್ಯಾಯವು ಮೂರನೆಯದು. ಸುಶ್ರುತನೂ ಶಾರೀರಸ್ಥಾನದ ಏಳನೆಯ ಅಧ್ಯಾಯದಲ್ಲಿ, ತೋಟವು ನೀರಿನ ಕಾಲುವೆಗಳಿಂದ ತಣಿಯುವಂತೆ ಈ ದೇಹವು ಸಿರೆಗಳಿಂದ ತಣಿಯುವುದೆಂಬ ಅಭಿಪ್ರಾಯವನ್ನು ಹೇಳಿರುವನು. ಈ ಮೂರರಲ್ಲಿ ಯಾವುದು ಸಿದ್ಧಾಂತವೆಂಬ ವಾದವು ಪಂಡಿತರಲ್ಲಿ ಬಹುಕಾಲ ನಡೆದಿದೆ. ಅದನ್ನು ಇಲ್ಲಿ ಎತ್ತಬೇಕಾಗಿಲ್ಲ. ಶರೀರದಲ್ಲಿ ಒಂದು ಎಲುಬಿನ ಮಟ್ಟಿಗಂತೂ ಕೇದಾರೀಕುಲ್ಯಾನ್ಯಾಯವು ಬರಿಯ ದೃಷ್ಟಾಂತವಲ್ಲದೆ ಅಕ್ಷರಶಃ ಸತ್ಯವಾಗಿರುತ್ತದೆ. ಅದು ತೊಡೆಯೆಲುಬಿನ ತಲೆ. ರಕ್ತವು ನಿಂತುಹೋದುದರಿಂದ ಈ ತಲೆಯು ಜೀವ ಕಳೆದುಕೊಳ್ಳುವ ವಿಕಾರವೇ ಪ್ರಕೃತ ಲೇಖನದ ವಿಷಯ.

ಮೊದಲು ಹೆಸರಿನ ಮಾತು. ಈ ವಿಕಾರಕ್ಕೆ ಕನ್ನಡದಲ್ಲಿ ಇನ್ನೂ ನೆಲೆನಿಂತ ಹೆಸರಿಲ್ಲ. ಅಸ್ಥಿಕ್ಷಯವೆಂದರೆ ಧಾತುಕ್ಷಯದ ಅರ್ಥವೂ ಕ್ಷಯರೋಗದ ಅರ್ಥವೂ ಒಟ್ಟಿಗೆ ಬಂದು ತೊಡಕಾಗುವುದು. ಕೋಥ ಶಬ್ದವು ಕೊಳೆಯುವಿಕೆಯನ್ನು ಸೂಚಿಸುತ್ತದೆ; ಇಲ್ಲಿಯಾದರೋ ಕೀವಿಲ್ಲ, ದುರ್ಗಂಧವಿಲ್ಲ, ಕ್ರಿಮಿಗಳ ಸಂಪರ್ಕವೇ ಇಲ್ಲ. ನೀರೋಗ, ನೀರಸ ಎಂಬುವುಗಳಂತೆ ನೀರಕ್ತವೆಂಬ ರೂಪವು ವ್ಯಾಕರಣಶುದ್ಧವಾದರೂ ಕನ್ನಡಿಗನ ಕಿವಿಗೆ ಅದರಲ್ಲಿ ಮೊದಲು ಕೇಳುವುದು ನೀರೇ ಆದ್ದರಿಂದ ಅದನ್ನೂ ಬಿಡುವುದೇ ಲೇಸು. ರಕ್ತರೋಧದಿಂದ ಹುಟ್ಟಿದ ಅಸ್ಥಿಮರಣವೆಂದು ಒಮ್ಮೆ ಹೇಳಿ, ಮುಂದೆ ಅಸ್ಥಿಮರಣವೆಂದಷ್ಟೇ ವ್ಯವಹರಿಸಿದರೆ ಸಾಕು.

ಚಪ್ಪೆಯ ಕೀಲಿನ ರಚನೆಯು ಹೀಗಿದೆ. ಚಪ್ಪೆಯೆಲುಬಿನಲ್ಲಿ ಬಟ್ಟಲಿನಂತಹ ಒಂದು ಕುಳಿಯಿದೆ. ತೊಡೆಯೆಲುಬಿನ ಮೇಲುತುದಿಯು ಗುಂಡಾದ ತಲೆಯಾಗಿ ಅದರೊಳಗೆ ಕುಳಿತು ಎಲ್ಲ ದಿಕ್ಕಿಗೂ ತಿರುಗುವುದು. ತಲೆಗೂ ಎಲುಬಿನ ಕಾಂಡಕ್ಕೂ ನಡುವೆ ಓರೆಯಾದ ಕೊರಳಿದೆ. ತಲೆಯ ಮೈಯೆಲ್ಲವೂ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿಕೊಂಡು, ಕೀಲಿನ ಚೀಲದೊಳಗೆ ಅಡಗಿರುವುದರಿಂದ, ಬೇರೆ ಎಲುಬುಗಳಿಗೆ ಸುತ್ತಲಿನ ಮಾಂಸದಿಂದ ಎಲ್ಲೆಡೆಯೂ ರಕ್ತವು ಸೇರುವಂತೆ ಇದಕ್ಕೆ ಸೇರುವ ಹಾದಿಯೇ ಇಲ್ಲ. ತೊಡೆಯ ಒಳಬದಿಯಿಂದ ಹೊರಟು ಕೊರಳನ್ನು ಹಿಂಬದಿಯಿಂದ ಸುತ್ತಿಬರುವ ಒಂದು ಧಮನಿಯ ಕವಲುಗಳು, ಕೊರಳಿನ ಮೈಗೆ ಅಂಟಿಕೊಂಡೇ ಮೇಲಕ್ಕೆ ಹತ್ತಿ ತಲೆಯನ್ನು ಹೊಗುತ್ತವೆ. ತಲೆಯ ನಡುವಿನ ಸ್ನಾಯುಬಂಧದಲ್ಲಿ ಇನ್ನೊಂದು ನವಿರಾದ ಧಮನಿಯುಂಟು. ಅದರ ನೀರು ಒಂದು ಮೂಲೆಗೆ ಮಾತ್ರ ಸಾಕಾಗುವಷ್ಟು. ಹೀಗಾಗಿ ಇಡಿಯ ದೇಹದ ಭಾರವನ್ನು ಹೊರುವ ಈ ಎಲುಬು ಕಾಲುವೆಯ ತುದಿಯ ಮಡಿಯಾಗಿದೆ.

ಮಕ್ಕಳಲ್ಲಿ ಈ ದೌರ್ಬಲ್ಯವು ಇನ್ನೂ ಹೆಚ್ಚು. ಬೆಳೆಯುವ ವಯಸ್ಸಿನಲ್ಲಿ ತಲೆಗೂ ಕೊರಳಿಗೂ ನಡುವೆ ಮೃದ್ವಸ್ಥಿಯ ಒಂದು ತಟ್ಟೆಯಿರುತ್ತದೆ. ಎಲುಬು ಉದ್ದವಾಗುವುದು ಆ ತಟ್ಟೆಯಿಂದಲೇ. ಆದರೆ ಕೊರಳಿನೊಳಗಣ ರಕ್ತವು ತಲೆಯನ್ನು ಸೇರದಂತೆ ತಡೆಯುವ ಕಟ್ಟೆಯೂ ಅದೇ. ಆಕ್ಸ್‌ಫರ್ಡಿನಲ್ಲಿದ್ದ ಟ್ರುಯೇಟಾ ಎಂಬ ಶಸ್ತ್ರವೈದ್ಯರು 1957ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಸುಮಾರು ನಾಲ್ಕನೆಯ ವಯಸ್ಸಿನಿಂದ ಏಳೆಂಟು ವರ್ಷದವರೆಗೆ ಸ್ನಾಯುಬಂಧದ ಧಮನಿಯೂ ಉಪಯೋಗಕ್ಕೆ ಬಾರದೆ, ತಲೆಯು ಕೊರಳ ಮೈಯ ಕವಲುಗಳನ್ನೇ ಪೂರ್ಣವಾಗಿ ನಂಬಿರುವುದೆಂದು ತಿಳಿದುಬಂದಿತು. ಮಕ್ಕಳ ಅಸ್ಥಿಮರಣವು ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ ಕಾಣಿಸಿಕೊಳ್ಳುವುದು ಗಮನಾರ್ಹವಾಗಿದೆ.

ರಕ್ತವು ನಿಂತರೆ ಆಗುವುದೇನು? ಎಲುಬಿನೊಳಗಣ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಕಣಗಳು ಹತ್ತುಹನ್ನೆರಡು ಗಂಟೆಗಳೊಳಗೆ ಸಾಯುತ್ತವೆ. ಅಸ್ಥಿಕಣಗಳು ಒಂದೆರಡು ದಿನಗಳಲ್ಲಿ, ಮಜ್ಜೆಯ ಕೊಬ್ಬಿನ ಕಣಗಳು ಇನ್ನೂ ಕೆಲವು ದಿನಗಳಲ್ಲಿ ಸಾಯುತ್ತವೆ. ಮೇಲೆ ಹೊದೆದ ಮೃದ್ವಸ್ಥಿಯು ಮಾತ್ರ ಕೀಲಿನ ರಸದಿಂದಲೇ ಆಹಾರವನ್ನು ಪಡೆಯುವುದರಿಂದ ಬದುಕಿ ಉಳಿಯುತ್ತದೆ. ಇಲ್ಲಿಯವರೆಗೆ ನಡೆದುದೆಲ್ಲವೂ ನಿಶ್ಶಬ್ದ. ಕ್ಷಕಿರಣದ ಚಿತ್ರವನ್ನು ತೆಗೆದರೆ ತಲೆಯು ಎಂದಿನಂತೆಯೇ ಕಾಣುವುದು. ಕುಂಟು ಇಲ್ಲದಿರಬಹುದು, ನೋವೂ ಇಲ್ಲದಿರಬಹುದು.

ಸತ್ತ ಎಲುಬು ಸತ್ತ ಕೂಡಲೆ ಕುಸಿಯುವುದೆಂಬ ಸಾಮಾನ್ಯ ಭಾವನೆಯು ತಪ್ಪು. ಎಲುಬಿನ ಬಲವು ಅದರ ಜೀವಕಣಗಳಲ್ಲಿ ಅಲ್ಲ, ಸುಣ್ಣದ ಅಂಶವು ನೆಲಸಿದ ಅದರ ಕಟ್ಟಡದಲ್ಲಿದೆ. ಜೀವವು ಹೋದ ಮೇಲೆಯೂ ಕಟ್ಟಡವು ಬಹುಕಾಲ ನಿಲ್ಲಬಲ್ಲದು. ಕುಸಿತವು ಬರುವುದು ದುರಸ್ತಿಯ ಕಾಲದಲ್ಲಿ. ಸುತ್ತಣ ಜೀವಂತ ಭಾಗದಿಂದ ಹೊಸ ರಕ್ತನಾಳಗಳು ಸತ್ತ ಭಾಗದೊಳಕ್ಕೆ ತೆವಳಿಕೊಂಡು ಬರುತ್ತವೆ. ಅವುಗಳೊಡನೆ ಹಳೆಯ ಎಲುಬನ್ನು ಕರಗಿಸುವ ಕಣಗಳೂ ಹೊಸದನ್ನು ಕಟ್ಟುವ ಕಣಗಳೂ ಬರುತ್ತವೆ. ಜರ್ಮನಿಯ ಆಕ್ಸ್‌ಹೌಸೆನ್, ಅಮೇರಿಕೆಯ ಫೆಮಿಸ್ಟರ್ ಎಂಬವರು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ತೆವಳುವ ಬದಲಾವಣೆಯನ್ನು ವಿಶದವಾಗಿ ವರ್ಣಿಸಿದರು. ಕರಗಿಸುವ ಕೆಲಸವು ಬೇಗ, ಕಟ್ಟುವ ಕೆಲಸವು ನಿಧಾನ. ಮಣ್ಣಿನ ಮಾಳಿಗೆಯ ಮನೆಯಲ್ಲಿ ತೊಲೆಗೆ ಊರೆ ಕೊಡದೆ ಕೆಳಗಣ ಹಳೆಯ ಗೋಡೆಯನ್ನು ಕಿತ್ತು ಹೊಸದನ್ನು ಕಟ್ಟಹೊರಟರೆ ಯಾವ ಅನಾಹುತವಾಗುವುದೋ ಅದೇ ಇಲ್ಲಿಯೂ ಆಗುವುದು. ಮೃದ್ವಸ್ಥಿಯ ಕೆಳಗಣ ತೆಳುವಾದ ಪದರವು ದೇಹದ ಭಾರಕ್ಕೆ ಮುರಿಯುವುದು. ಕ್ಷಕಿರಣದ ಚಿತ್ರದಲ್ಲಿ ಅದು ಬಿದಿಗೆಯ ಚಂದ್ರನಂತಹ ಗೆರೆಯಾಗಿ ಕಾಣುವುದು. ಆಮೇಲೆ ಗುಂಡಗಿನ ತಲೆಯು ಚಪ್ಪಟೆಯಾಗುತ್ತದೆ. ಗುಂಡಾದ ಬಟ್ಟಲಿನಲ್ಲಿ ಚಪ್ಪಟೆಯಾದ ತಲೆಯು ತಿರುಗುತ್ತ ತಿರುಗುತ್ತ ಕೀಲೇ ಸವೆದುಹೋಗುವುದು. ಎಲುಬಿನ ಮರಣಕ್ಕೂ ಅದರ ಕುಸಿತಕ್ಕೂ ನಡುವೆ ಹೀಗೆ ಒಂದು ಅವಧಿಯಿದೆ. ಮಾಡಬಹುದಾದ ಚಿಕಿತ್ಸೆಯ ಮುಖ್ಯ ಭಾಗವೆಲ್ಲ ಈ ಅವಧಿಗೆ ಸೇರಿದುದು. ಅದು ಕಳೆದಮೇಲೆ ಆದ ಆಕಾರಭಂಗವನ್ನು ಹಿಂದಕ್ಕೆ ತರುವ ಉಪಾಯವಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಬರಬಹುದು. ಖಂಜ, ಪಂಗು ಎಂಬ ವಾತವ್ಯಾಧಿಗಳನ್ನು ಸುಶ್ರುತನು ಹೇಳಿಲ್ಲವೇ? ಅಸ್ಥಿಮಜ್ಜೆಗಳನ್ನು ಸೇರಿದ ವಾತದಿಂದ ಎಲುಬುಗಳು ಒಡೆದಂತಾಗಿ, ಕೀಲುಗಳು ನೊಂದು, ಮಾಂಸವೂ ಬಲವೂ ಕುಗ್ಗಿ, ನಿದ್ರೆಯಿಲ್ಲದಂತಾಗುವುದೆಂದು ಚರಕನು ಹೇಳಿಲ್ಲವೇ? ಹಾಗಿರುವಾಗ ಇದನ್ನು ಹೊಸ ವ್ಯಾಧಿಯೆಂದು ವರ್ಣಿಸುವುದೇಕೆ? ಇದಕ್ಕೆ ಉತ್ತರವಿಷ್ಟೆ: ಸುಶ್ರುತನ ಖಂಜವು ಸೊಂಟದಲ್ಲಿ ನೆಲೆಸಿದ ವಾತವು ತೊಡೆಯ ಕಂಡರಗಳನ್ನು ಹಿಡಿಯುವುದರಿಂದ ಆಗುವುದು, ಅದರಲ್ಲಿ ತಲೆಯೆಲುಬಿನ ಮರಣದ ಪ್ರಸ್ತಾಪವಿಲ್ಲ. ಚರಕನ ಲಕ್ಷಣಗಳು ಅಸ್ಥಿಮರಣದ ರೋಗಿಯಲ್ಲಿ ಕಾಣಬಹುದು. ಆದರೆ ಅವು ಬೇರೆ ಹತ್ತು ರೋಗಗಳಲ್ಲಿಯೂ ಕಾಣುವುವು. ಲಕ್ಷಣಸಾಮ್ಯದಿಂದ ರೋಗೈಕ್ಯವನ್ನು ಸಾಧಿಸುವುದು ಹೊಗೆಯಂತೆ ಕಾಣುವ ಮಂಜನ್ನು ನೋಡಿ ಬೆಂಕಿಯನ್ನು ಅನುಮಾನಿಸಿದಂತೆ. ಕ್ಷಕಿರಣವಿಲ್ಲದ ಕಾಲದಲ್ಲಿ ಜೀವಂತ ಮನುಷ್ಯನ ಚಪ್ಪೆಯೊಳಗಣ ಎಲುಬಿನ ಒಳಗನ್ನು ಕಾಣುವುದು ಯಾರಿಗೂ ಶಕ್ಯವಿರಲಿಲ್ಲ. ಪ್ರಾಚೀನರು ಹೇಳದಿದ್ದುದನ್ನು ಅವರ ಬಾಯಿಂದ ಹೇಳಿಸುವುದು ಅವರಿಗೆ ಗೌರವವನ್ನು ತರುವ ಮಾತಲ್ಲ. ಅವರು ಕೊಟ್ಟ ನ್ಯಾಯವು ಬೇರೆ, ಅದನ್ನು ಅನ್ವಯಿಸಿದ ವಿಷಯವು ಬೇರೆ.

ಯೂರೋಪದಲ್ಲಿಯೂ ಈ ವಿಷಯದಲ್ಲಿ ಮೊದಲು ಭ್ರಾಂತಿಯೇ ಇದ್ದಿತು. 1895ರಲ್ಲಿ ಕ್ಷಕಿರಣವು ಕಂಡುಹಿಡಿಯಲ್ಪಡುವವರೆಗೆ ಚಪ್ಪೆಯ ನೋವಿನಿಂದ ಕುಂಟುವ ಮಕ್ಕಳನ್ನೆಲ್ಲ ಕ್ಷಯರೋಗಿಗಳೆಂದೇ ಎಣಿಸುತ್ತಿದ್ದರು. ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ 1909ರಲ್ಲಿ ತಲೆಯು ಚಪ್ಪಟೆಯಾದ ಮಕ್ಕಳನ್ನು ವರ್ಣಿಸಿ, ಅದನ್ನು ಕ್ಷಯದ ಒಂದು ರೂಪವೆಂದೇ ಬಗೆದರು. ಮರುವರ್ಷ, 1910ರಲ್ಲಿ, ಅಮೇರಿಕೆಯ ಲೆಗ್, ಫ್ರಾನ್ಸಿನ ಕಾಲ್ವೇ, ಜರ್ಮನಿಯ ಪೆರ್ಥಿಸ್ ಎಂಬ ಮೂವರು ಒಬ್ಬರನ್ನೊಬ್ಬರು ಅರಿಯದೆ ಇದನ್ನು ಕ್ಷಯದಿಂದ ಬೇರ್ಪಡಿಸಿದರು. ಮೂವರ ಹೆಸರೂ ರೋಗಕ್ಕೆ ಅಂಟಿಕೊಂಡಿದೆ. ವ್ಯವಹಾರದಲ್ಲಿ ಪೆರ್ಥಿಸ್ ರೋಗವೆಂಬುದೇ ರೂಢಿ. ವಾಲ್ಡೆನ್‌ಸ್ಟ್ರೋಮ್ ತರುವಾಯ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡು, ಈ ವಿಕಾರವು ದಾಟುವ ಅವಸ್ಥೆಗಳನ್ನು ವಿಂಗಡಿಸಿದರು. ಇಂದಿಗೂ ಆ ವಿಂಗಡಣೆಯೇ ತಳಹದಿಯಾಗಿದೆ.

ಈ ಪೆರ್ಥಿಸ್ ರೋಗದ ಇತಿಹಾಸದಲ್ಲಿ ಕನ್ನಡ ನಾಡಿಗೆ ವಿಶೇಷ ಸ್ಥಾನವಿದೆಯೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಬಳಿಯ ಸಹ್ಯಾದ್ರಿಯೇ ತೆಂಕಣಕ್ಕೆ ಸಾಗಿ, ಉಡುಪಿ ಮಂಗಳೂರುಗಳ ಕರಾವಳಿಯನ್ನು ಮೂಡಲ ಬಯಲಿನಿಂದ ಬೇರ್ಪಡಿಸುವುದಷ್ಟೆ. 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿತವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ದಕ್ಷಿಣ ಭಾರತದ ಪೆರ್ಥಿಸ್ ರೋಗದ ಹರಡಿಕೆಯನ್ನು ಪ್ರಕಟಿಸಿದರು. ಸಮುದ್ರಕ್ಕೂ ಘಟ್ಟಕ್ಕೂ ನಡುವಣ ಕಿರಿದಾದ ಪಟ್ಟಿಯಲ್ಲಿ ರೋಗವು ಹೆಚ್ಚಾಗಿಯೂ, ಘಟ್ಟದ ಮೂಡಲಿಗೆ ಬಹು ವಿರಳವಾಗಿಯೂ ಇರುವುದು ಅದರಿಂದ ಬೆಳಕಿಗೆ ಬಂದಿತು. ಒಂದೇ ನಾಡಿನ ಎರಡು ಬದಿಗಳಲ್ಲಿ ಇಷ್ಟು ಅಂತರವಿರುವುದಕ್ಕೆ ಆಹಾರವೋ ಕುಲವೋ ಗಾಳಿನೀರೋ ಎಂಬ ಪ್ರಶ್ನೆಯು ಇಂದಿಗೂ ಇತ್ಯರ್ಥವಾಗಿಲ್ಲ. ಎಲ್ಲ ದೇಶಗಳಲ್ಲಿಯೂ ಕಂಡ ಒಂದು ಸಂಗತಿಯೆಂದರೆ, ಹುಡುಗಿಯರಿಗಿಂತ ಹುಡುಗರಲ್ಲಿ ಇದು ನಾಲ್ಕೈದು ಪಟ್ಟು ಹೆಚ್ಚು.

ಇದಕ್ಕಿಂತಲೂ ಬೆಲೆಯುಳ್ಳ ಇನ್ನೊಂದು ಕೆಲಸವು ಮಣಿಪಾಲದಿಂದಲೇ 2003ರಲ್ಲಿ ಹೊರಬಿದ್ದಿತು. ಹನ್ನೆರಡು ವರ್ಷಕ್ಕೆ ಮುಂಚೆ ರೋಗವು ತೊಡಗಿದ 610 ಮಕ್ಕಳ ಕ್ಷಕಿರಣಚಿತ್ರಗಳನ್ನು ಕ್ರಮವಾಗಿ ಪರಿಶೀಲಿಸಿ, ತಲೆಯು ಯಾವ ಹಂತದಲ್ಲಿ ಹೇಗಿರುವುದೆಂಬುದನ್ನು ಅದರಲ್ಲಿ ನಿರೂಪಿಸಿದರು. ಮೊದಲ ಅವಸ್ಥೆಯಲ್ಲಿ ತಲೆಯು ಬೆಳ್ಳಗೆ ದಟ್ಟವಾಗಿ ಕಾಣುವುದು. ಎರಡನೆಯದರಲ್ಲಿ ಚೂರುಚೂರಾಗಿ ಕಾಣುವುದು. ಮೂರನೆಯದರಲ್ಲಿ ಹೊಸ ಎಲುಬು ಅಂಚಿನಿಂದ ತುಂಬಿಬರುವುದು. ನಾಲ್ಕನೆಯದರಲ್ಲಿ ಎಲುಬು ಗಾಯವಾಗಿದ್ದುದೇ ತಿಳಿಯದಂತೆ ಕೂಡಿಕೊಳ್ಳುವುದು. ಮೊದಲ ಮೂರನ್ನು ಪೂರ್ವೋತ್ತರಗಳೆಂದು ಎರಡೆರಡಾಗಿ ಒಡೆದು ನೋಡಿದಾಗ, ತಲೆಯು ಬಟ್ಟಲಿನಿಂದ ಹೊರಜಾರುವುದೂ ಆಕಾರಗೆಡುವುದೂ ಚೂರಾಗುವ ಅವಸ್ಥೆಯ ಉತ್ತರಭಾಗದಿಂದ ಮುಂದಕ್ಕೆ ಹೆಚ್ಚುವುದು ಸ್ಪಷ್ಟವಾಯಿತು. ಸತ್ತ ಎಲುಬನ್ನು ಬದುಕಿಸುವ ಮದ್ದು ವೈದ್ಯನಲ್ಲಿಲ್ಲ. ಬಾಲಕನ ಶರೀರವು ಎರಡು ಮೂರು ವರ್ಷ ಅಥವಾ ಅದಕ್ಕಿಂತ ತುಸು ಹೆಚ್ಚು ಕಾಲದಲ್ಲಿ ತಾನಾಗಿಯೇ ಅದನ್ನು ಹೊಸದಾಗಿ ಕಟ್ಟಿಕೊಳ್ಳುವುದು. ವೈದ್ಯನು ಮಾಡಬೇಕಾದುದು, ಎಲುಬು ಮೆತ್ತಗಿರುವ ಕಾಲದಲ್ಲಿ ತಲೆಯನ್ನು ಬಟ್ಟಲಿನೊಳಗೇ ಇರಿಸುವುದು. ಎರಕದ ಅಚ್ಚಿನಲ್ಲಿ ಲೋಹವು ರೂಪಗೊಳ್ಳುವಂತೆ ಬಟ್ಟಲೇ ತಲೆಗೆ ಅಚ್ಚಾಗುವುದು. ಕೆಲವರಿಗೆ ಪಟ್ಟಿಯಿಂದ, ಕೆಲವರಿಗೆ ತೊಡೆಯೆಲುಬನ್ನು ಕತ್ತರಿಸಿ ಓರೆ ಬದಲಿಸುವ ಶಸ್ತ್ರಕ್ರಿಯೆಯಿಂದ ಇದು ಸಾಧ್ಯ. ಆಕಾರಗೆಡುವುದಕ್ಕೆ ಮುಂಚೆ ಮಾಡಿದರೆ ಮಾತ್ರ ಇದರಿಂದ ಪೂರ್ಣ ಫಲವುಂಟು. ಐದು ವರ್ಷದೊಳಗಿನ ಶಿಶುಗಳು ಬಹುಮಂದಿ ಇದಾವುದೂ ಇಲ್ಲದೆಯೇ ಚೆನ್ನಾಗಿ ಗುಣವಾಗುತ್ತಾರೆ. ಎಂಟು ದಾಟಿದವರಲ್ಲಿ ಉಳಿದ ಬೆಳವಣಿಗೆಯ ಕಾಲವು ಕಡಿಮೆಯಾದುದರಿಂದ ತೊಂದರೆಯು ಹೆಚ್ಚು.

ಪ್ರಸಂಗವಶದಿಂದ ಇನ್ನೊಂದು ಕನ್ನಡ ಊರಿನ ಮಾತನ್ನು ಇಲ್ಲಿ ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಚಪ್ಪೆಯ ಕೀಲುಗಳು ಕೆಟ್ಟು, ನಡೆಯಲಾರದಂತಾದ ಕುಟುಂಬಗಳು ಕಂಡುಬಂದವು. ಗದ್ದೆಗೆ ಹಾಕಿದ ಕ್ರಿಮಿನಾಶಕವೂ ಅಲ್ಲಿಯ ಏಡಿಯನ್ನು ತಿಂದುದೂ ಕಾರಣವಿರಬಹುದೆಂಬ ಅನುಮಾನವು ಮೊದಲು ಬಲವಾಗಿದ್ದಿತು. ಮುಂದಣ ಸಂಶೋಧನೆಯು ಅದು ವಂಶಪಾರಂಪರ್ಯವಾಗಿ ಬರುವ ಅಸ್ಥಿರಚನೆಯ ದೋಷವೆಂದು ತೋರಿಸಿತು. ಹಂದಿಗೋಡು ರೋಗದಲ್ಲಿ ಕುಂಟೂ ಇದೆ, ಕೀಲು ಸವೆಯುವುದೂ ಇದೆ. ಆದರೆ ಮೂಲವು ರಕ್ತರೋಧವಲ್ಲ. ಎರಡನ್ನೂ ಒಂದೆಂದು ಬರೆಯುವವರುಂಟು, ಅದು ಸರಿಯಲ್ಲ.

ವಯಸ್ಕರ ಅಸ್ಥಿಮರಣಕ್ಕೆ ಕಾರಣಗಳು ಬೇರೆ, ಗತಿಯೂ ಕ್ರೂರ; ಮಕ್ಕಳ ಶರೀರಕ್ಕಿರುವ ಪುನರ್ನಿರ್ಮಾಣಶಕ್ತಿಯು ಅವರಲ್ಲಿಲ್ಲ. ತೊಡೆಯೆಲುಬಿನ ಕೊರಳು ಮುರಿದರೆ ಅದರ ಮೈಗೆ ಅಂಟಿದ ಕಾಲುವೆಗಳೂ ಹರಿದುಹೋಗುವುವು. ಸುಶ್ರುತನು ಸಂಧಿಮುಕ್ತವೆಂದು ಕರೆದ, ಕೀಲು ತಪ್ಪುವ ಗಾಯದಲ್ಲಿಯೂ ಹೀಗೆಯೇ. ತಪ್ಪಿದ ಚಪ್ಪೆಯನ್ನು ಆರು ಗಂಟೆಯೊಳಗೆ ಕೂರಿಸಿದರೆ ತಲೆಯು ಬದುಕುವ ಸಂಭವವು ಹೆಚ್ಚೆಂದು ಇಂದಿನ ವೈದ್ಯರು ಎಣಿಸುತ್ತಾರೆ. ಗಾಯವಿಲ್ಲದೆ ಬರುವ ಅಸ್ಥಿಮರಣಕ್ಕೆ ಮುಖ್ಯ ಕಾರಣಗಳು ಎರಡು: ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಔಷಧ, ಮತ್ತು ಬಹುಕಾಲದ ಮದ್ಯಪಾನ. ಇದು ಸಾಮಾನ್ಯವಾಗಿ ಮೂವತ್ತರಿಂದ ಐವತ್ತರೊಳಗಿನ, ಅಂದರೆ ದುಡಿಯುವ ವಯಸ್ಸಿನವರನ್ನು ಹಿಡಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಎರಡು ಚಪ್ಪೆಗಳಿಗೂ ತಗಲುತ್ತದೆ. ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ನಾಳಗಳನ್ನು ಕಟ್ಟುವ ಆನುವಂಶಿಕ ರೋಗದಲ್ಲಿಯೂ ಇದು ಸಾಮಾನ್ಯ. ಆ ರೋಗವು ಭಾರತದಲ್ಲಿ ಮೊದಲು ವರದಿಯಾದುದು 1952ರಲ್ಲಿ, ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ. ಕೋವಿಡ್ ಪಿಡುಗಿನಲ್ಲಿ ಪ್ರಾಣರಕ್ಷಣೆಗಾಗಿ ಸ್ಟೀರಾಯ್ಡ್ ಕೊಡಲ್ಪಟ್ಟ ಕೆಲವರಲ್ಲಿ ಚಪ್ಪೆಯ ಅಸ್ಥಿಮರಣವು ಕಂಡುಬಂದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಪ್ರಾಣವೇ ಹೋಗುವ ಸಂದರ್ಭದಲ್ಲಿ ಆ ಔಷಧವನ್ನು ಕೊಟ್ಟುದು ತಪ್ಪಲ್ಲ. ತಪ್ಪೆನ್ನಬೇಕಾದುದು, ಕೀಲುನೋವಿಗೂ ಉಬ್ಬಸಕ್ಕೂ ಸಂತೆಯಲ್ಲಿ ಸಿಕ್ಕುವ, ಒಳಗೇನಿದೆಯೆಂದು ಬರೆಯದ ಗುಳಿಗೆ ಪುಡಿಗಳನ್ನು ತಿಂಗಳುಗಟ್ಟಲೆ ನುಂಗುವುದು. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಯಿಂದ ಗೊತ್ತಾಗಿದೆ. ಆಯುರ್ವೇದದ ಹೆಸರನ್ನು ಇಂತಹವುಗಳ ಮೇಲೆ ಅಂಟಿಸುವುದು ಶಾಸ್ತ್ರದ್ರೋಹವೇ ಸರಿ.

ಕ್ಷಕಿರಣದ ಚಿತ್ರವು ಏನನ್ನೂ ತೋರಿಸದ ಮೊದಲ ಹಂತದಲ್ಲಿ ಎಂ.ಆರ್.ಐ. ಎಂಬ ಕಾಂತೀಯ ಚಿತ್ರವು ವಿಕಾರವನ್ನು ತೋರಿಸಿಕೊಡುತ್ತದೆ. ಈ ಹಂತದಲ್ಲಿ, ತಲೆಯೊಳಕ್ಕೆ ಸಣ್ಣ ರಂಧ್ರವನ್ನು ಕೊರೆದು ಒಳಗಣ ಒತ್ತಡವನ್ನು ಇಳಿಸುವ ಚಿಕಿತ್ಸೆಯುಂಟು. ಫ್ರಾನ್ಸಿನ ಫಿಕಾ ಎಂಬ ವೈದ್ಯರು ರೋಗನಿರ್ಣಯಕ್ಕೆಂದು ಎಲುಬಿನ ಚೂರನ್ನು ಕೊರೆದು ತೆಗೆಯುತ್ತಿದ್ದಾಗ, ಕೊರೆದಮಾತ್ರಕ್ಕೆ ನೋವು ಶಮನವಾದುದನ್ನು ಕಂಡು ಈ ಕ್ರಮವು ಬೆಳೆಯಿತು. ಕುಸಿದ ಮೇಲೆ ಅದರಿಂದ ಪ್ರಯೋಜನವು ಅಲ್ಪ. ಆಗ ಉಳಿಯುವುದು ಕೀಲನ್ನೇ ಬದಲಿಸುವ ಶಸ್ತ್ರಕ್ರಿಯೆ. ಇಂಗ್ಲೆಂಡಿನ ಚಾರ್ನ್ಲಿಯವರು 1962ರಲ್ಲಿ ಇದನ್ನು ಒಂದು ನೆಲೆಗೆ ತಂದರು. ಇಂದು ಹುಬ್ಬಳ್ಳಿ ಬೆಳಗಾವಿಗಳಲ್ಲಿಯೂ ನಡೆಯುತ್ತದೆ. ಆದರೆ ಲೋಹದ ಕೀಲಿಗೂ ಆಯುಷ್ಯವುಂಟು. ಮೂವತ್ತೈದರ ಪ್ರಾಯದಲ್ಲಿ ಬದಲಿಸಿಕೊಂಡವನು ಎರಡನೆಯ ಬಾರಿ ಅದೇ ಮೇಜಿನ ಮೇಲೆ ಮಲಗಬೇಕಾಗಬಹುದು.

ಇಷ್ಟೆಲ್ಲವೂ ನಿಂತಿರುವುದು ರೋಗವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವುದರ ಮೇಲೆ. ಗುರುತಿಸುವುದನ್ನು ಕೆಡಿಸುವ ಒಂದು ವಿಲಕ್ಷಣ ಸಂಗತಿಯಿದೆ. ಚಪ್ಪೆಯ ಕೀಲಿಗೂ ಮೊಣಕಾಲಿಗೂ ಒಂದೇ ನರದ ಕವಲುಗಳು ಹೋಗುವುದರಿಂದ, ಚಪ್ಪೆ ಕೆಟ್ಟ ಮಗುವು ಅನೇಕ ವೇಳೆ ಮೊಣಕಾಲನ್ನೇ ತೋರಿಸಿ ನೋವೆನ್ನುತ್ತದೆ. ಮೊಣಕಾಲಿಗೆ ಎಣ್ಣೆ ತಿಕ್ಕುವರು, ಪಟ್ಟು ಹಾಕುವರು, ಮೊಣಕಾಲಿನದೇ ಚಿತ್ರ ತೆಗೆಸಿ ಏನೂ ಇಲ್ಲವೆಂದು ಸಮಾಧಾನಪಡುವರು. ಅಷ್ಟರಲ್ಲಿ ಆರು ತಿಂಗಳು ಕಳೆದಿರುತ್ತದೆ. ದೊಡ್ಡವರಲ್ಲಿ ನೋವು ತೊಡೆಸಂದಿಯಲ್ಲಿ ತೋರಿದರೂ ಅದನ್ನು ಟೊಂಕದ ವಾತವೆಂದು ತೀರ್ಮಾನಿಸುವುದೇ ಹೆಚ್ಚು. ನಾಲ್ಕರಿಂದ ಹನ್ನೆರಡರೊಳಗಿನ ಹುಡುಗನು ಪೆಟ್ಟು ಬೀಳದೆಯೇ ಕುಂಟತೊಡಗಿ, ಒಂದೆರಡು ವಾರವಾದರೂ ಅದು ನಿಲ್ಲದಿದ್ದರೆ, ಅವನನ್ನು ಅಂಗಾತ ಮಲಗಿಸಿ, ಮಂಡಿಗಳನ್ನು ಮಡಿಸಿ, ಎರಡು ತೊಡೆಗಳನ್ನೂ ಮೆಲ್ಲನೆ ಹೊರಕ್ಕೆ ಅಗಲಿಸಿ ನೋಡಬೇಕು. ಒಂದು ತೊಡೆಯು ಇನ್ನೊಂದರಷ್ಟು ಅಗಲಕ್ಕೆ ಬಾರದೆ ಬಿಗಿಹಿಡಿದರೆ, ಅಥವಾ ಒಳಕ್ಕೆ ತಿರುಗಿಸಿದಾಗ ಹುಡುಗನು ಮುಖ ಹಿಂಡಿದರೆ, ಕ್ಷಕಿರಣದ ಚಿತ್ರವನ್ನು ತೆಗೆಸಬೇಕಾದುದು ಮೊಣಕಾಲಿನದಲ್ಲ, ಎರಡು ಚಪ್ಪೆಗಳದು. ಎದುರಿನಿಂದ ಒಂದು, ತೊಡೆಗಳನ್ನು ಅಗಲಿಸಿ ಇನ್ನೊಂದು.